ಸೋಮವಾರದೊಳಗೆ ಎಂಟು ಕೊಲೆ

ಕೊಲೆ ಮಾಡುವವನಿಗೆ ಒಂದೇ ಸಲ ತೊಂದರೆ, ಕೊಲೆ ಬರೆಯುವವನಿಗೆ ದಿನಾ ತೊಂದರೆ. ಟೀವಿಗೆ ಅಪರಾಧದ ಕಥೆ ಬರೆಯಲು ಶುರುಮಾಡಿದ ಮೇಲೆ ನನಗೆ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇದೆ. ಎಲ್ಲವನ್ನೂ ಹೇಳಲು ಹೋದರೆ ಮುಗಿಯುವುದಿಲ್ಲ. ಒಂದು ವಾರದ್ದನ್ನಷ್ಟೇ ಹೇಳುತ್ತೇನೆ.

ಬೆಂಗಳೂರಿನ ನಿರ್ದೇಶಕರೊಬ್ಬರು ಹೊಸ ಕ್ರೈಮ್ ಸೀರಿಯಲ್ಲಿಗೆ ಎಂಟು ಕಥೆ ಕೇಳಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ತಾಲ್ಲೂಕಿಗೆ ಎರಡರಂತೆ ಎಂಟು ಕೊಲೆ. ಎರಡು ಸಲ ಬರೆದುಕೊಟ್ಟೆ, ಎರಡು ಸಲವೂ ವಾಪಸ್ ಬಂತು. ಒಂದು ಗುರುವಾರ ಬೆಳಿಗ್ಗೆ ಫೋನ್ ಮಾಡಿ, "ಸೋಮವಾರ ಹತ್ತು ಗಂಟೆಗೆ ಪ್ರೊಡ್ಯೂಸರ್ ಕೇಳ್ತಾರೆ. ಈ ಸಲಾನೂ ಒಪ್ಪಲಿಲ್ಲ ಅಂದ್ರೆ ಬೇರೆ ರೈಟರ್‌ನ ನೋಡ್ಕೋತೀವಿ, ಬೇಜಾರ್ ಮಾಡ್ಕೋಬೇಡಿ" ಎಂದರು.

ಬೇಜಾರಲ್ಲ, ಭಯವೇ ಆಯಿತು. ಪ್ರೈವೇಟ್ ಸ್ಕೂಲಿನ ಮೇಷ್ಟ್ರ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದವನು ನಾನು. ಇದೂ ಹೋದರೆ ಮತ್ತೆ ಅದೇ ಹೆಡ್‌ಮಾಸ್ಟರರ ಮುಂದೆ ಕೈಕಟ್ಟಿ ನಿಲ್ಲಬೇಕು. ಕೂತಲ್ಲಿ ಕೂರಲಾಗದೆ ಹಜಾರದ ತುಂಬ ಓಡಾಡಿದೆ. ಹೆಂಡತಿ ಸೊಪ್ಪು ಬಿಡಿಸುತ್ತಾ, "ಇಲ್ಲಿ ತಿರುಗ್ಬೇಡಿ, ನಂಗೆ ತಲೆ ಸುತ್ತುತ್ತೆ. ಆಚೆ ಹೋಗಿ ತಿರುಗಿ" ಎಂದಳು. ಹೊರಟೆ.

೧. ಶ್ರೀನಿವಾಸಪುರದ ಬಸ್ಸು

ಕೋಲಾರದಲ್ಲಿ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಕೆಲಸವೇನೂ ಇರಲಿಲ್ಲ, ಬಸ್ಸು ಓಡುತ್ತಿದ್ದರೆ ತಲೆಯೂ ಓಡುತ್ತದೆ ಎಂಬ ನಂಬಿಕೆ. ಅರ್ಧ ದಾರಿಯಲ್ಲಿ ನಿಜಕ್ಕೂ ಒಂದು ಕಥೆ ಹೊಳೆಯಿತು. ತಡೆಯಲಾರದೆ ನಿರ್ದೇಶಕರಿಗೆ ಫೋನ್ ಮಾಡಿದೆ. "ಸಾರ್, ಶುಕ್ರವಾರ ಗಂಡನ್ನ ಮುಗಿಸಿಬಿಡ್ತೀನಿ. ಹೆಣಾನ ಟೊಮೇಟೊ ತೋಟದಲ್ಲಿ ಹೂಳ್ತೀನಿ" ಎಂದೆ. ಸಿಗ್ನಲ್ ಹೋಯಿತು. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು.

ಈಗ ಯಾರಾದರೂ ಪೊಲೀಸರಿಗೆ ಹೇಳುತ್ತಾರೆ ಎಂದು ಬೆವರಿದೆ. ಪಕ್ಕದ ಸೀಟಿನ ಅಜ್ಜಿ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿಸಿ, "ಶುಕ್ರವಾರಮಾ? ವದ್ದು ನಾಯನಾ, ಬೇಡ. ಮನೆ ಲಕ್ಷ್ಮಿ ಹೊರಟ್ಹೋಗ್ತಾಳೆ. ಇವತ್ತು ಗುರುವಾರ, ಇವತ್ತೇ ಮಾಡ್ಕೋ" ಎಂದಿತು.

ಹಿಂದಿನ ಸೀಟಿನ ರೈತನಿಗೆ ವಾರದ ಚಿಂತೆ ಇರಲಿಲ್ಲ. "ಟೊಮೇಟೊ ತೋಟದಲ್ಲಿ ಹೆಂಗ್ ಹೂಳ್ತೀಯಣ್ಣ? ಸಾಲಿಗೆಲ್ಲ ಪ್ಲಾಸ್ಟಿಕ್ ಶೀಟ್ ಹಾಸಿರ್ತಾರೆ, ಕೆಳಗೆ ಡ್ರಿಪ್ ಪೈಪು. ಗುದ್ದಲಿ ಹಾಕಿದ್ರೆ ಪೈಪ್ ಕಟ್ಟಾಗುತ್ತೆ. ತೋಟದೋನು ಹೆಣದ ತಂಟೆಗೆ ಬರಲ್ಲ, ಪೈಪ್ ಕಟ್ ಮಾಡಿದೋನ್ನ ಮಾತ್ರ ಬಿಡಲ್ಲ" ಎಂದ.

"ರಾಗಿ ಹೊಲದಲ್ಲಿ ಹೂಳಬಹುದಲ್ಲ" ಎಂದು ಮುಂದಿನ ಸೀಟಿನವನು. "ಕಳೆ ತೆಗೆಯೋಕೆ ಬರ್ತಾರೆ" ಎಂದು ಇನ್ನೊಬ್ಬ. "ಹಿಪ್ಪುನೇರಳೆ ತೋಟ?" "ದಿನಾ ಸೊಪ್ಪು ಕೊಯ್ತಾರೆ ಕಣೋ, ತಲೆ ಇದ್ಯಾ ನಿಂಗೆ?" ಇದು ಸೀರಿಯಲ್ ಕಥೆ ಎಂದು ನಾನು ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶ್ರೀನಿವಾಸಪುರ ಬಂದರೂ ಹೂಳುವ ಜಾಗ ತೀರ್ಮಾನವಾಗಲಿಲ್ಲ. ನಾನು ಎದ್ದಾಗ ಕಂಡಕ್ಟರ್ ಭುಜ ಅದುಮಿ ಕೂರಿಸಿ, "ಕೂತ್ಕೊಳಿ ಸಾರ್, ಅರ್ಧಕ್ಕೆ ಬಿಟ್ಟು ಇಳೀಬೇಡಿ. ಇದೇ ಬಸ್ಸು ವಾಪಸ್ ಹೋಗುತ್ತೆ" ಎಂದ.

೨. ಲಕ್ಕೂರಿನಲ್ಲಿ ಮುಸುಕು

ನಿರ್ದೇಶಕರಿಗೆ ಮುಸುಕುಧಾರಿ ಎಂದರೆ ಪ್ರಾಣ. ಹಾಡುಹಗಲೇ ಹಳ್ಳಿಯೊಳಗೆ ನುಗ್ಗಿ, ಕೆಲಸ ಮುಗಿಸಿ, ಯಾರ ಕಣ್ಣಿಗೂ ಬೀಳದೆ ಹೋಗುವ ಕೊಲೆಗಾರ ಬೇಕೇ ಬೇಕು ಎಂದರು. ಅದು ಸಾಧ್ಯವೇ ಎಂದು ನೋಡಲು ಶುಕ್ರವಾರ ಮಾಲೂರಿನ ಬಸ್ಸು ಹಿಡಿದೆ. ನಾವು ಹೋಳೂರಿನವರು, ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ, ಆದರೆ ನಾನು ಆ ಕಡೆ ಹೋಗಿ ವರ್ಷಗಳಾಗಿದ್ದವು. ಊರ ಹೊರಗೆ ಇಳಿದು ಟೋಪಿ, ಮಾಸ್ಕು, ಕಪ್ಪು ಕನ್ನಡಕ ಹಾಕಿಕೊಂಡೆ. ಅಂಗಡಿಯ ಗಾಜಿನಲ್ಲಿ ನೋಡಿಕೊಂಡರೆ ನನಗೇ ನನ್ನ ಗುರುತು ಸಿಗಲಿಲ್ಲ.

ಮೊದಲ ಬೀದಿ ದಾಟಿದೆ. ಯಾರೂ ಮಾತಾಡಿಸಲಿಲ್ಲ. ಎರಡನೆಯದನ್ನೂ ದಾಟಿದೆ. ಖುಷಿಯಾಯಿತು, ಕಥೆಗೆ ದಾರಿ ಸಿಕ್ಕಿತು ಅಂದುಕೊಂಡೆ. ಮೂರನೆಯ ಬೀದಿಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತದೆಯೇ, "ಹೋಳೂರಿನೋರ ಮಗ ಅಲ್ವೇನಪ್ಪಾ? ಮುಖ ಮುಚ್ಕೊಂಡ್ರೆ ಆಯ್ತಾ, ನಡಿಗೆ ನಿಮ್ಮಪ್ಪಂದೇ. ಒಂದು ಕಾಲು ಮುಂದೆ, ಒಂದು ಕಾಲು ಪಕ್ಕಕ್ಕೆ" ಎಂದಳು.

ಬಿರಬಿರನೆ ಮೂಲೆ ತಿರುಗಿದೆ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕೋಲಾರದಿಂದ ಹೆಂಡತಿ. "ಲಕ್ಕೂರಲ್ಲಿ ಮಾಸ್ಕ್ ಹಾಕ್ಕೊಂಡು ಏನ್ರೀ ಮಾಡ್ತಿದ್ದೀರಾ? ಚಿಕ್ಕಮ್ಮ ಆಗ್ಲೇ ನಿಮ್ಗೂ ಸೇರಿಸಿ ಮುದ್ದೆ ತೊಳಸಿದ್ದಾರಂತೆ, ಊಟ ಮಾಡ್ಕೊಂಡೇ ಬನ್ನಿ."

೩. ಮುಳಬಾಗಿಲಿನ ಸಲಹೆಗಾರರು

ಶನಿವಾರ ಮುಳಬಾಗಿಲಿಗೆ ಹೋದೆ. ಅಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದಾರೆ, ಕಥೆಯಲ್ಲಿ ತಪ್ಪಿದ್ದರೆ ತಿದ್ದುತ್ತಾರೆ ಎಂದು ಯಾರೋ ಹೇಳಿದ್ದರು. ನಾನು ಕೂರುವ ಮೊದಲೇ ಶುರುಮಾಡಿದೆ. "ಸಾರ್, ಒಬ್ಬ ಶ್ರೀಮಂತ ಹೆಂಗಸು. ಬೆಳಿಗ್ಗೆ ಬಾಗಿಲು ತೆಗೆದ್ರೆ..."

"ಅಳಿಯ" ಎಂದರು.

"ಇನ್ನೂ ಸತ್ತೇ ಇಲ್ಲ ಸಾರ್."

"ಸಾಯ್ತಾಳೆ. ಅಳಿಯಾನೇ. ಮುಂದಿನ್ದು ಹೇಳಿ."

ಎರಡನೆಯದರಲ್ಲಿ ಅಳಿಯನನ್ನೇ ಇಟ್ಟಿರಲಿಲ್ಲ. ಹಾಗೆಂದೆ. "ಅದೇ ನೀವು ಮಾಡಿರೋ ತಪ್ಪು. ಇಡಿ" ಎಂದರು. ಮೂರನೆಯದರಲ್ಲಿ ಸತ್ತವನು ಮದುವೆಯೇ ಆಗದ ಬ್ರಹ್ಮಚಾರಿ. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, "ಅವನ ಅಣ್ಣನ ಅಳಿಯ" ಎಂದರು.

ನನಗೆ ರೇಗಿತು. ಕೈಯಲ್ಲಿ ಉಳಿದಿರುವುದು ಒಂದೂವರೆ ದಿನ, ಈ ಮನುಷ್ಯ ನೋಡಿದರೆ ನನ್ನ ಎಂಟು ಕಥೆಯನ್ನೂ ಒಂದೇ ಮಾಡುತ್ತಿದ್ದಾರೆ. "ಅಳಿಯಂದಿರ ಮೇಲೆ ಅಷ್ಟೊಂದು ಅನುಮಾನ ಯಾಕೆ ಸಾರ್?" ಎಂದೆ. ಅಷ್ಟರಲ್ಲಿ ಒಳಗಿನಿಂದ ಸಾಧು ಮುಖದ ಒಬ್ಬರು ಎರಡು ಲೋಟ ಕಾಫಿ ತಂದಿಟ್ಟು, "ತಗೊಳ್ಳಿ ಮಾವ" ಎಂದು ಹೇಳಿ ಹೋದರು. ನಾನು ನನ್ನ ಲೋಟ ಖಾಲಿ ಮಾಡಿ ಕೆಳಗಿಡುವವರೆಗೂ ಹೆಡ್ ಕಾನ್‌ಸ್ಟೇಬಲ್ ತಮ್ಮದನ್ನು ಮುಟ್ಟಲಿಲ್ಲ.

೪. ಕುರುಡುಮಲೆಯ ಅರ್ಚನೆ

ಅಂತೂ ಭಾನುವಾರ ಬೆಳಗಾಗುವುದರೊಳಗೆ ಎಂಟು ಕಥೆ ಮುಗಿದವು. ನಿರ್ದೇಶಕರು ಕಾರಿನಲ್ಲಿ ಬಂದರು, ಜೊತೆಗೆ ಅವರ ಅಸಿಸ್ಟೆಂಟ್ ಇದ್ದಳು. ಕುರುಡುಮಲೆ ಗಣಪತಿಯ ಮುಂದೆ ಫೈಲ್ ಇಟ್ಟು ಪೂಜೆ ಮಾಡಿಸದೆ ಅವರು ಯಾವ ಕೆಲಸವನ್ನೂ ಶುರುಮಾಡುವವರಲ್ಲ. ಮೂವರೂ ಅಲ್ಲಿಗೆ ಹೋದೆವು. ಸೋಮವಾರದ ಚಿಂತೆಗೆ ಒಳಗೆ ನಿಲ್ಲಲಾಗದೆ, ಫೋನ್ ನೆಪ ಮಾಡಿಕೊಂಡು ಆಚೆ ಅಂಗಳದಲ್ಲಿ ಸುತ್ತು ಹೊಡೆಯತೊಡಗಿದೆ.

ಪೂಜಾರಿಗಳು ಅರ್ಚನೆ ಯಾರ ಹೆಸರಿಗೆ ಎಂದು ಕೇಳಿದ್ದಾರೆ. ನಿರ್ದೇಶಕರು ಆಗಲೇ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು. ಅಸಿಸ್ಟೆಂಟ್ ಫೈಲಿನ ಮೇಲಿದ್ದ ಹಾಳೆಯನ್ನು ಕೊಟ್ಟಿದ್ದಾಳೆ. ನಮ್ಮ ಕಡೆ ಅರ್ಚನೆಗೆ ಚೀಟಿ ಬರೆದುಕೊಡುವ ರೂಢಿ ಇದೆ: ಹೆಸರು, ಊರು, ಕಡೆಗೆ ದೇವರಲ್ಲಿ ಏನು ಬೇಡಿಕೆ ಎಂದು ಒಂದು ಮಾತು. ನನ್ನ ಹಾಳೆಯಲ್ಲೂ ಹಾಗೆಯೇ ಮೂರು ಕಾಲಂ ಇತ್ತು. ಸಾಯುವವರ ಹೆಸರು, ಊರು, ಯಾವುದರಿಂದ ಸಾವು.

ನಾನು ಒಳಗೆ ಬಂದಾಗ ಪೂಜಾರಿಗಳು ಗಟ್ಟಿಯಾಗಿ ಓದುತ್ತಿದ್ದರು. "ಹೋಳೂರು ಮುನಿವೆಂಕಟಪ್ಪ, ಬಾವಿ. ಮುನಿವೆಂಕಟಪ್ಪನವರ ಬಾವೀಲಿ ನೀರು ಉಕ್ಕಲಿ, ದೀರ್ಘಾಯುಷ್ಯ ಪ್ರಾಪ್ತಿಯಾಗಲಿ. ಲಕ್ಕೂರು ಚೌಡರೆಡ್ಡಿ, ಲಾರಿ. ಚೌಡರೆಡ್ಡಿಯವರಿಗೆ ಒಂದಕ್ಕೆ ಎರಡು ಲಾರಿ ಆಗಲಿ, ದೀರ್ಘಾಯುಷ್ಯ ಪ್ರಾಪ್ತಿಯಾಗಲಿ. ಮುಳಬಾಗಿಲು ನಾರಾಯಣಮ್ಮ, ಅಳಿಯ. ನಾರಾಯಣಮ್ಮನವರಿಗೆ ಶೀಘ್ರವಾಗಿ ಒಳ್ಳೇ ಅಳಿಯ ಸಿಗಲಿ..."

ಮಂತ್ರದ ಮಧ್ಯೆ ಬಾಯಿ ಹಾಕುವುದು ಹೇಗೆ? ಕೈ ಹಿಸುಕಿಕೊಂಡು ನಿಂತೆ. ಎಂಟು ಜನಕ್ಕೂ, ಮೊದಲಿನಿಂದ ಮುಂದೆ ನಿಂತಿದ್ದ ನಿರ್ದೇಶಕರಿಗೂ ಅಸಿಸ್ಟೆಂಟ್‌ಗೂ ನೂರು ವರ್ಷ ಆಯಸ್ಸು ಕೊಡಿಸಿದ ಮೇಲೆ ಪೂಜಾರಿಗಳು ತಟ್ಟೆ ಹಿಡಿದು ಬಂದು, "ಮುನಿವೆಂಕಟಪ್ಪನವರು ಯಾರು? ಪ್ರಸಾದ ತಗೊಳ್ಳಿ" ಎಂದರು. ಯಾರೂ ಮುಂದೆ ಬರಲಿಲ್ಲ. ನಿರ್ದೇಶಕರು ಕಣ್ಣು ಬಿಟ್ಟರು.

"ಮುನಿವೆಂಕಟಪ್ಪ... ಮೊದಲನೇ ಎಪಿಸೋಡಲ್ಲಿ ಬಾವಿಗೆ ಬೀಳೋನಲ್ವೇನ್ರೀ?"

"ಹೆಸರು ಬದಲಾಯಿಸಿಬಿಡೋಣ ಸಾರ್" ಎಂದೆ.

"ಹೆಸರು ಬದಲಾಯಿಸಿದ್ರೆ ಗಣಪತಿಗೆ ಗೊತ್ತಾಗಲ್ವಾ? ಆಯಸ್ಸು ಕೊಟ್ಟಿರೋದು ಅವನು, ಕೊಲ್ಲೋಕೆ ನಾವ್ಯಾರು?" ಎಂದು ಅವರು ಕಂಬಕ್ಕೆ ಒರಗಿ ಕೂತೇಬಿಟ್ಟರು. "ಎಂಟೂ ಹೋಯ್ತು. ನಾಳೆ ಹತ್ತು ಗಂಟೆಗೆ ಪ್ರೊಡ್ಯೂಸರ್‌ಗೆ ಏನಂತ ಹೇಳಲಿ? ಮೊದಲನೇ ಎಪಿಸೋಡಿಗಾದ್ರೂ ಒಂದು ಹೆಣ ಬೇಡ್ವಾ?"

ನನ್ನ ಕಣ್ಣ ಮುಂದೆ ಹೆಡ್‌ಮಾಸ್ಟರರ ಮುಖ ಬಂತು. ಪೂಜಾರಿಗಳಿಗೆ ವಿಷಯ ಪೂರ್ತಿ ತಿಳಿಯದಿದ್ದರೂ, ಪೂಜೆಯಲ್ಲಿ ಏನೋ ಲೋಪವಾಯಿತು ಎಂದು ನೊಂದುಕೊಂಡರು. "ಎಲ್ಲರಿಗೂ ಮಾಡಿದೀನಲ್ಲ ಸ್ವಾಮಿ. ನಿಮಗೂ ಆಯ್ತು, ಈಯಮ್ಮನಿಗೂ ಆಯ್ತು. ಆಚೆ ಫೋನ್ ಹಿಡ್ಕೊಂಡು ತಿರುಗ್ತಿದ್ರಲ್ಲ, ಇವರೊಬ್ಬರ ಹೆಸರಲ್ಲಿ ಮಾತ್ರ ಮಾಡಿಲ್ಲ" ಎಂದರು.

ನಿರ್ದೇಶಕರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅಸಿಸ್ಟೆಂಟೂ ತಿರುಗಿದಳು, ಪೆನ್ನಿನ ಕ್ಯಾಪ್ ತೆಗೆದಳು. "ಇವರಿಗೂ ಒಂದು ಅರ್ಚನೆ ಮಾಡಿಬಿಡ್ಲಾ?" ಎಂದು ಪೂಜಾರಿಗಳು ಹೂವಿಗೆ ಕೈ ಹಾಕಿದರು. ನಿರ್ದೇಶಕರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬೇಡ ಸ್ವಾಮಿ, ಸೋಮವಾರ ಕಳೀಲಿ" ಎಂದರು.

ಹಾಗೆ ಮೊದಲನೇ ಕಂತಿನಲ್ಲಿ ಒಬ್ಬ ಸೀರಿಯಲ್ ಬರಹಗಾರನ ಕೊಲೆಯಾಯಿತು. ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಹೆಂಡತಿ ಓದಿ, "ಸಾಯೋನು ಚೆನ್ನಾಗಿ ಬಂದಿದ್ದಾನೆ" ಎಂದಳು. ಸೋಮವಾರ ಹತ್ತೂವರೆಗೆ ಪ್ರೊಡ್ಯೂಸರೇ ಫೋನ್ ಮಾಡಿದರು. "ಕಥೆ ಓಕೆ, ಉಳಿದ ಏಳೂ ನೀವೇ ಬರೀರಿ. ಒಂದೇ ಒಂದು ಕರೆಕ್ಷನ್ನು. ಆ ಬರಹಗಾರ ಮಾತು ಜಾಸ್ತಿ ಆಡ್ತಾನೆ. ಮೊದಲನೇ ಬ್ರೇಕಿಗೆ ಮುಂಚೆ ಸಾಯಲಿ."

"ಆಗಲಿ ಸಾರ್" ಎಂದೆ. ಬ್ರೇಕಿಗೆ ಮುಂಚೆಯೇ ಸತ್ತೆ. ಕೆಲಸ ಉಳಿಯಿತು.