ಕೆಳಗಡೆ ಸಭೆ, ಮೇಲ್ಗಡೆ ಮಾಲೀಕರು

ನಗು ಬರುವಂಥ ಸಂಗತಿಗಳು ಬೇರೆಯವರಿಗೆ ಯಾವಾಗಲೋ ಒಮ್ಮೆ ಎದುರಾಗುತ್ತವೆ. ಸಭಾಪಾಲಕನಿಗೆ ಹಾಗಲ್ಲ. ಅವನು ಮುಖ ಬಿಗಿದುಕೊಂಡು ಗಂಭೀರವಾಗಿ ನಿಲ್ಲಲೇಬೇಕಾದ ಹೊತ್ತನ್ನೇ ನೋಡಿಕೊಂಡು ಅವು ಬರುತ್ತವೆ. ದೇವಶಾಸ್ತ್ರದ ಕಾಲೇಜಿನಲ್ಲಿ ಮದುವೆ ಮಾಡಿಸುವುದು, ಮಣ್ಣು ಮಾಡಿಸುವುದು, ಪ್ರಸಂಗ ಹೇಳುವುದು ಎಲ್ಲ ಕಲಿಸಿದರು. ನಗು ತಡೆದುಕೊಳ್ಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ನಾನಿರುವುದು ಅರಸೀಕೆರೆಯಲ್ಲಿ. ಇಲ್ಲಿ ನಮಗೆ ಹಳೇ ಚರ್ಚು, ಗಂಟೆ, ಬೆಂಚು ಎಲ್ಲ ಇವೆ. ಬೇಲೂರಿನಲ್ಲಿ ನಮ್ಮ ಸಭೆಯವರು ಇರುವುದು ಬೆರಳೆಣಿಕೆಯ ಕುಟುಂಬಗಳು. ಭಾನುವಾರ ಬೆಳಗ್ಗೆ ಇಲ್ಲಿನ ಆರಾಧನೆ ಮುಗಿಸಿ, ಹೆಂಡತಿಯನ್ನೂ ಕರೆದುಕೊಂಡು, ಜಾವಗಲ್ ಹಳೇಬೀಡು ದಾಟುವ ಬಸ್ಸು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಆರಾಧನೆ. ಅಲ್ಲಿ ಆರಾಧನೆಗೆ ಸ್ವಂತ ಸೂರಿರಲಿಲ್ಲ. ಒಂದು ವಾರ ಈ ಮನೆ, ಇನ್ನೊಂದು ವಾರ ಆ ಮನೆ. ವಯಸ್ಸಾದವರೇ ಹೆಚ್ಚು, ಅರಸೀಕೆರೆವರೆಗೆ ಬರಲಾರರು. ಒಂದು ನೆಲೆ ಸಿಗದಿದ್ದರೆ ಸಭೆಯೇ ಚದುರಿಹೋಗುತ್ತದೆ ಎಂಬ ಭಯ ನನಗೆ ನಿದ್ದೆಯಲ್ಲೂ ಇತ್ತು. ಆ ನೆಲೆ ಸಿಕ್ಕಿದ್ದು, ಮತ್ತೆ ಕೈತಪ್ಪಲು ಹೊರಟದ್ದು, ಎರಡೂ ಈ ಮಾತಿನಲ್ಲಿ ಬರುತ್ತವೆ.

ಕ್ರಿಸ್‌ಮಸ್ ತಾತನಿಗೆ ಆರತಿ

ಡಿಸೆಂಬರ್ ತಿಂಗಳ ಒಂದು ಸಂಜೆ ಬೇಲೂರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡಲು ಹೊರಟೆವು. ನಮ್ಮ ಸಭೆಯ ಟೈಲರೇ ಕ್ರಿಸ್‌ಮಸ್ ತಾತ. ಕೆಂಪು ನಿಲುವಂಗಿ ತಾವೇ ಹೊಲಿದುಕೊಂಡಿದ್ದರು. ಹತ್ತಿಯ ಗಡ್ಡ ಹೊಟ್ಟೆಯವರೆಗೆ ಇಳಿದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ‘ದಾರಿ ನಂಗೆ ಗೊತ್ತು, ನನ್ನ ಹಿಂದೆ ಬನ್ನಿ’ ಎಂದು ಟೈಲರು ಮುಂದೆ ನಡೆದು ಒಂದು ಗೇಟು ತೆಗೆದು ಮೆಟ್ಟಿಲು ಹತ್ತಿದರು. ನಾವು ಹಿಂದೆಯೇ ನುಗ್ಗಿ, ಡೋಲಕ್ ಬಾರಿಸಿ, ಹಾಡು ಎತ್ತಿಯೇಬಿಟ್ಟೆವು.

ಬಾಗಿಲು ತೆಗೆದವರು ಹಣೆ ತುಂಬ ವಿಭೂತಿ ಧರಿಸಿದ್ದ ಒಬ್ಬ ಅಜ್ಜಿ. ಅದು ನಮ್ಮವರ ಮನೆಯಲ್ಲ, ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆ. ಕತ್ತಲಲ್ಲಿ ಕೆಂಪು ನಿಲುವಂಗಿ, ಉದ್ದ ಗಡ್ಡ, ಹಿಂದೆ ಹಾಡುತ್ತ ನಿಂತ ಶಿಷ್ಯರು. ಅಜ್ಜಿಗೆ ಅನುಮಾನವೇ ಬರಲಿಲ್ಲ. ‘ದಯಮಾಡ್ಸಿ ಬುದ್ಧಿ’ ಎಂದು ಕೈ ಮುಗಿದು, ಒಳಗೆ ಹೋಗಿ ಆರತಿ ತಟ್ಟೆ ತಂದರು. ಅವರ ಮಗ, ಆ ವ್ಯಾಪಾರಿ, ಪಂಚೆ ಸರಿಮಾಡಿಕೊಳ್ಳುತ್ತ ಓಡಿ ಬಂದು, ‘ಯಾವ ಮಠದಿಂದ ಚಿತ್ತೈಸಿದಿರಿ ಬುದ್ಧಿ?’ ಎಂದು ಕೇಳಿದರು.

ಟೈಲರು ಬೆವೆತುಹೋದರು. ‘ಮಠ ಅಲ್ಲ ಸ್ವಾಮಿ, ಬಸ್‌ಸ್ಟ್ಯಾಂಡ್ ಹತ್ರ ಟೈಲರ್ ಅಂಗ್ಡಿ. ನಿಮ್ಮ ಜುಬ್ಬಾ ಹೊಲ್ದಿದ್ದು ನಾನೇ’ ಎಂದು ಹೇಳಲು ಮುಂದಕ್ಕೆ ಬಾಗಿದರು. ಆರತಿ ಗಡ್ಡಕ್ಕೆ ತಗುಲಿತು. ಹತ್ತಿ ಭಗ್ಗೆಂದಿತು. ವ್ಯಾಪಾರಿಯ ಹೆಂಡತಿ ಸಮಯಸ್ಫೂರ್ತಿಯಿಂದ ಒಂದು ಚೊಂಬು ಮಜ್ಜಿಗೆ ಎರಚಿದರು. ಟೈಲರಿಗೆ ಏನೂ ಆಗಲಿಲ್ಲ, ಕರಿಬೇವು ಮೀಸೆಗೆ ಅಂಟಿಕೊಂಡಿದ್ದು ಬಿಟ್ಟರೆ.

ವ್ಯಾಪಾರಿಗಳು ನಾಚಿಕೆಯಿಂದ ಕುಗ್ಗಿಹೋದರು. ‘ಯಾವ ದೇವ್ರ ಹೆಸ್ರಲ್ಲಾದ್ರೂ ಬರ್ಲಿ, ಮನೇಗ್ ಬಂದೋರ ಗಡ್ಡ ಸುಟ್ಟ ಪಾಪ ನಮಗೆ ಬ್ಯಾಡ. ನಮ್ಮಿಂದ ಏನಾದ್ರೂ ಸೇವೆ ಆಗೋದಿದ್ರೆ ಹೇಳಿ’ ಎಂದರು. ನಾನು ತಡಮಾಡಲಿಲ್ಲ, ಆರಾಧನೆಗೆ ಜಾಗವಿಲ್ಲದ ಕಷ್ಟ ಹೇಳಿಕೊಂಡೆ. ‘ನಮ್ಮ ಕೆಳಗಡೆ ಹಾಲ್ ಖಾಲಿ ಬಿದ್ದೈತೆ, ಬಾಡಿಗೆ ಕೈಲಾದಷ್ಟು ಕೊಡಿ, ಬಂದ್ಬಿಡಿ’ ಎಂದರು.

ಮನೆಗೆ ಮರಳುವಾಗ ಟೈಲರು ಅರ್ಧ ಉಳಿದ ಗಡ್ಡ ಸವರಿಕೊಂಡು ಹೇಳಿದರು: ‘ಅಯ್ನೋರೇ, ಮುಂದಿನ್ ವರ್ಷ ಸ್ವಂತ ಸೈಟು ಬೇಕೂಂದ್ರೆ ಹೇಳಿ, ಮೊಣಕಾಲ್ ತನಕ ಗಡ್ಡ ಕಟ್ಕೊತೀನಿ.’

ಹಸು ಕೇಳಿದ ಪ್ರಸಂಗ

ಆ ವ್ಯಾಪಾರಿಗಳೇ ಈಗ ನಮಗೆ ಮಾಲೀಕರು. ಅವರ ಮನೆ ಮೇಲ್ಮಹಡಿಯಲ್ಲಿ, ನಮ್ಮ ಹಾಲ್ ಕೆಳಗೆ, ಹಿತ್ತಲಲ್ಲಿ ಅವರ ಹಸು. ಒಂದು ಭಾನುವಾರ ಆರಾಧನೆ ಶುರುವಾಗುವ ಮೊದಲು ಮಾಲೀಕರ ಹೆಂಡತಿ ಬಂದರು. ನನ್ನ ಪಕ್ಕದಲ್ಲೇ ಹೆಂಡತಿ ನಿಂತಿದ್ದರೂ ಅವರಿಗೆ ನಾನು, ಮದುವೆಯಾಗದ ಪಾದ್ರಿಗಳಂತೆ, ‘ಫಾದ್ರು’.

‘ಫಾದ್ರೇ, ಕರು ಹೋದಾಗಿಂದ ಹಸು ಹಾಲು ಇಳಿಸ್ತಿಲ್ಲ. ಹತ್ರ ಹೋದ್ರೆ ಒದೀತದೆ. ಕಾಯಿಲೆ ಜನಕ್ಕೆ ಪ್ರಾರ್ಥನೆ ಮಾಡ್ತೀರಲ್ಲ, ಇದಕ್ಕೂ ಒಂದು ಮಾಡ್ಬಿಡಿ’ ಎಂದರು.

ಒಲ್ಲೆ ಎನ್ನುವುದು ಹೇಗೆ? ಹಿತ್ತಲಿಗೆ ಹೋಗಿ, ಒದೆ ತಗುಲದಷ್ಟು ದೂರ ನಿಂತು, ಕೈ ಚಾಚಿ ಪ್ರಾರ್ಥನೆ ಶುರುಮಾಡಿದೆ. ನನ್ನ ಹೆಂಡತಿ ಹಿಂದಿನಿಂದ, ‘ಮನುಷ್ಯರಾದ್ರೆ ತಲೆ ಮೇಲೆ ಕೈ ಇಟ್ಟು ಮಾಡ್ತೀರಿ. ಇದೇನು ಮೂಕ ಪ್ರಾಣಿ ಅಂತ ತಾತ್ಸಾರಾನಾ?’ ಎಂದಳು. ಅವಮಾನವಾಯಿತು. ಹತ್ತಿರ ಹೋಗಿ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ. ಹಸು ಒದೆಯಲಿಲ್ಲ. ನನಗೇ ಆಶ್ಚರ್ಯವಾಗಿ, ಇನ್ನಷ್ಟು ಭಕ್ತಿಯಿಂದ ಮುಂದುವರಿಸಿದೆ. ಆಮೆನ್ ಹೇಳಿ ಕಣ್ಣು ಬಿಟ್ಟಾಗ ನನ್ನ ಜೇಬಿನಲ್ಲಿದ್ದ ಪ್ರಸಂಗದ ಹಾಳೆ ಅದರ ಬಾಯಲ್ಲಿತ್ತು.

ಪ್ರಸಂಗದ ವಿಷಯ ನೆನಪಿದ್ದಷ್ಟು ಹೇಳಿದೆ. ನೆನಪಿದ್ದದ್ದು ಕಡಿಮೆ. ಆರಾಧನೆ ಎಂದಿಗಿಂತ ಬೇಗ ಮುಗಿದು, ಜನ ನಗುನಗುತ್ತ ಕೈಕುಲುಕಿ ಹೋದರು.

ಮುಂದಿನ ವಾರ ಮಾಲೀಕರ ಹೆಂಡತಿ ಒಂದು ಪಾತ್ರೆ ಹಾಲು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ‘ಹಾಲು ಇಳಿಸ್ತು ಫಾದ್ರೇ. ಇವತ್ತೂ ಒಂದು ಚೀಟಿ ತಿನ್ಸಿಬಿಡಿ’ ಎಂದರು. ನಾನು ನಕ್ಕುಬಿಟ್ಟೆ. ಆದರೆ ನಮ್ಮ ಸಭೆಯ ನಿವೃತ್ತ ನರ್ಸಮ್ಮ ಬಹಳ ಕಾಳಜಿಯಿಂದ ನನ್ನ ಜೇಬಿನತ್ತ ನೋಡುತ್ತ, ‘ಕೊಡಿ ಅಯ್ನೋರೇ, ಔಷಧಿ ಅರ್ಧಕ್ಕೆ ನಿಲ್ಲಿಸ್ಬಾರ್ದು’ ಎಂದರು.

ಗೆಂಡೆಹಳ್ಳಿಯ ನಾಲ್ಕನೇ ಮುದ್ದೆ

ಹೀಗೆ ಹಾಲು ಮಜ್ಜಿಗೆಯ ನಂಟು ಬೆಳೆಯುತ್ತಿರುವಾಗಲೇ ಒಂದು ದಿನ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. ‘ಈ ಸಲ ಕೊಬ್ಬರಿ ಜಾಸ್ತಿ ಹಿಡೀಬೇಕು ಅಂತಿದೀನಿ. ದಾಸ್ತಾನಿಗೆ ಜಾಗ ಇಲ್ಲ. ತಿಂಗಳ ಕೊನೇಗೆ ಹಾಲ್ ಬಿಟ್ಕೊಟ್ರೆ ಉಪಕಾರ ಆಗ್ತದೆ’ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರ ಜಾಗ, ಅವರ ವ್ಯಾಪಾರ. ‘ಆಗ್ಲಿ’ ಎಂದೆ. ಬಸ್ಸಿನಲ್ಲಿ ಅರಸೀಕೆರೆ ಬರುವವರೆಗೂ ನನಗೆ ದುಃಖ ತಡೆಯಲಾಗಲಿಲ್ಲ.

ಬೇಲೂರಿನ ಹತ್ತಿರದ ಗೆಂಡೆಹಳ್ಳಿಯಲ್ಲಿ ನಮ್ಮ ಸಭೆಯವರ ನಾಲ್ಕು ಮನೆಗಳಿವೆ, ಯಾರದಾದರೂ ಜಗಲಿ ಸಿಗಬಹುದು ಎಂದು ಟೈಲರ ಜೊತೆ ಅವರ ಸ್ಕೂಟರಿನಲ್ಲಿ ಹೋದೆ. ಮೊದಲನೇ ಮನೆಯವರು ಸಂತೋಷದಿಂದ ಜಗಲಿ ತೋರಿಸಿದರು, ಅದರ ತುಂಬ ರಾಗಿ ಮೂಟೆ. ಎರಡನೆಯವರ ಜಗಲಿ ತುಂಬ ಮೇಕೆ. ಮೂರನೆಯವರ ಜಗಲಿಯಲ್ಲಿ ಅವರ ಮಾವ ಮಲಗಿದ್ದರು, ಏಳುವ ಅಂದಾಜೇ ಇರಲಿಲ್ಲ. ಆದರೆ ಅಯ್ನೋರು ಬಂದಿದ್ದಾರೆಂದರೆ ಊಟ ಮಾಡಿಸದೆ ಕಳಿಸುವ ಪದ್ಧತಿ ಅಲ್ಲಿಲ್ಲ. ಒಂದು ಮನೆಯಲ್ಲಿ ಉಂಡು ಇನ್ನೊಂದರಲ್ಲಿ ಬಿಟ್ಟರೆ ಹತ್ತು ವರ್ಷ ಮಾತಾಗುತ್ತದೆ. ಮೂರು ಮನೆ, ಮೂರು ಮುದ್ದೆ, ನಾಟಿಕೋಳಿ ಸಾರು. ಟೈಲರು ಜಾಣರು, ಎರಡನೇ ಮನೆಯಲ್ಲೇ ಹಲ್ಲುನೋವು ಎಂದುಬಿಟ್ಟರು.

ನಾಲ್ಕನೇ ಮನೆಯಲ್ಲಿ ಜಗಲಿಯೇ ಇರಲಿಲ್ಲ, ಮುದ್ದೆ ಮಾತ್ರ ಎಲ್ಲಕ್ಕಿಂತ ದೊಡ್ಡದಿತ್ತು. ಊಟದ ಪ್ರಾರ್ಥನೆ ಮಾಡಿ ಎಂದರು. ಹೊಟ್ಟೆಯಲ್ಲಿ ಸ್ವಲ್ಪ ಜಾಗವಾಗಲಿ ಎಂದು ನಾನು ಪ್ರಾರ್ಥನೆ ಎಳೆದೆ. ಆ ಮನೆಯವರಿಗೆ, ನೆಂಟರಿಗೆ, ಗೆಂಡೆಹಳ್ಳಿ ಹೋಬಳಿಗೆ, ರೈತರಿಗೆ, ಮಳೆಗೆ, ದೇಶಕ್ಕೆ, ಕೊನೆಗೆ ಹೊರದೇಶಗಳಿಗೂ ಪ್ರಾರ್ಥಿಸಿದೆ. ಸಾರು ಆರಿತು. ಮುದ್ದೆ ಆರಲಿಲ್ಲ.

ಕಣ್ಣು ಬಿಟ್ಟಾಗ ಮನೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ‘ಹಿಂದಿನ್ ಅಯ್ನೋರು ಒಂದೇ ಉಸ್ರಿಗೆ ಮುಗಿಸೋರು. ಅನ್ನ ಕೊಟ್ಟ ದೇವ್ರನ್ನ ಇಷ್ಟೊತ್ತು ನೆನೆಯೋರ್ನ ನಾನು ಕಂಡೇ ಇಲ್ಲ ಕಣ್ರೀ. ನಿಮ್ಗೆ ಇನ್ನೊಂದು ಮುದ್ದೆ ಹಾಕ್ತೀನಿ’ ಎಂದರು.

ಬರೀ ಹೊಟ್ಟೆಯ ಉಪವಾಸ

ಜಾಗ ಸಿಗಲಿಲ್ಲ, ತಿಂಗಳು ಮುಗಿಯುತ್ತ ಬಂತು. ‘ಇನ್ನೊಂದ್ಸಲ ಮಾಲೀಕರನ್ನ ಕೇಳಿ ನೋಡೋಣ್ವಾ?’ ಎಂದೆ. ಸಭೆಯವರು ಒಪ್ಪಲಿಲ್ಲ. ಮನುಷ್ಯರ ಹತ್ತಿರ ಯಾಕೆ ಹಲ್ಲುಗಿಂಜುವುದು, ಶನಿವಾರ ಉಪವಾಸ ಪ್ರಾರ್ಥನೆ ಇಡೋಣ, ದೇವರೇ ಅವರ ಮನಸ್ಸು ಬದಲಾಯಿಸಲಿ ಎಂದರು.

ಶನಿವಾರ ಬೆಳಗ್ಗೆಯೇ ಹಾಲ್‌ನ ಬಾಗಿಲು ತೆರೆದಿಟ್ಟು ಕೂತೆವು. ಉಪವಾಸ ಪ್ರಾರ್ಥನೆಯಲ್ಲಿ ನಮ್ಮದೊಂದು ಕ್ರಮವಿದೆ. ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಎಲ್ಲರದೂ ಮುಗಿಯುವವರೆಗೆ ಯಾರೂ ಕಣ್ಣು ಬಿಡಬಾರದು. ಟೈಲರು ಮೊದಲು ಶುರುಮಾಡಿ, ‘ಸ್ವಾಮೀ, ಮಾಲೀಕರ ಕಲ್ಲು ಮನಸ್ಸನ್ನ ಕರಗಿಸಪ್ಪಾ’ ಎಂದು ಅತ್ತೇಬಿಟ್ಟರು. ಮಾಲೀಕರು ನಮ್ಮ ತಲೆಯ ಮೇಲೇ ವಾಸವಾಗಿದ್ದಾರೆ, ಕಿಟಕಿ ತೆರೆದಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ನಡುವೆ ಯಾರೋ ಜೋರಾಗಿ ಕೆಮ್ಮಿದರು. ಆಗ ಪ್ರಾರ್ಥಿಸುತ್ತಿದ್ದ ನರ್ಸಮ್ಮ, ‘ಈಗ ಕೆಮ್ಮಿದವರಿಗೂ ಗುಣ ಕೊಡು ತಂದೇ’ ಎಂದು ಸೇರಿಸಿದರು. ಕೆಮ್ಮು ನಿಂತಿತು. ನನ್ನ ಮನಸ್ಸಿಗೆ ಸಮಾಧಾನವಾಯಿತು.

ಮಧ್ಯಾಹ್ನ ದಾಟಿತ್ತು. ಹೊಟ್ಟೆ ತಾಳ ಹಾಕುತ್ತಿರುವಾಗ ತುಪ್ಪದ ಒಗ್ಗರಣೆಯ ವಾಸನೆ ಬಂತು. ಇದು ಶೋಧನೆ, ಉಪವಾಸ ಕೆಡಿಸಲು ಸೈತಾನ ಒಡ್ಡಿದ ಆಮಿಷ ಎಂದುಕೊಂಡು ಕಣ್ಣು ಇನ್ನೂ ಗಟ್ಟಿಯಾಗಿ ಮುಚ್ಚಿದೆ. ವಾಸನೆ ಹತ್ತಿರ ಬಂತು. ಪಾತ್ರೆ ಇಟ್ಟ ಸದ್ದಾಯಿತು. ಶೋಧನೆ ಸ್ಟೀಲಿನ ಪಾತ್ರೆಯಲ್ಲಿ ಬರುವುದಿಲ್ಲವಲ್ಲ ಎಂದು ಒಂದು ಕಣ್ಣು ಬಿಟ್ಟೆ. ನಮ್ಮ ನಡುವೆ ಗೋಡಂಬಿ ಹಾಕಿದ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ, ಅವಲಕ್ಕಿ. ಪಕ್ಕದಲ್ಲಿ ಮಾಲೀಕರ ಹೆಂಡತಿ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತ ಮಾಲೀಕರು.

ನಾನು ಎದ್ದು ಮೆಲ್ಲಗೆ, ‘ಅಮ್ಮಾ, ಇವತ್ತು ನಮ್ಮದು ಉಪವಾಸ’ ಎಂದೆ.

‘ಅದಕ್ಕೇ ತಂದಿದ್ದು. ಶ್ರಾವಣ ಸೋಮವಾರ, ಶಿವರಾತ್ರಿಗೆಲ್ಲ ನಮ್ಮನೇಲೂ ಇದೇ ಮಾಡೋದು. ಬರೀ ಹೊಟ್ಟೇಲಿ ಯಾರಾದ್ರೂ ಉಪವಾಸ ಮಾಡ್ತಾರಾ ಫಾದ್ರೇ?’ ಎಂದು ಅವರು ನನ್ನನ್ನೇ ಗದರಿದರು.

ಮಾಲೀಕರು ಎದ್ದು ನಿಂತರು. ‘ಅಂತೂ ಒಬ್ರು ಕಣ್ ಬಿಟ್ರಲ್ಲ. ಟೈಲರ್ರು ಬೆಳಗ್ಗೆ ಅತ್ತಾಗ್ಲೇ ನಂಗೆ ಕರುಳು ಕಿತ್ತು ಬಂತು. ಇಳಿದು ಬಂದೆ, ಹಾಲ್ ನೀವೇ ಇಟ್ಕಳಿ ಅಂತ ಹೇಳಾಣ ಅಂತ. ತೋಟದ್ಮನೆ ಅಟ್ಟ ರಿಪೇರಿ ಮಾಡಿಸಿ ಕೊಬ್ಬರಿ ಅಲ್ಲಿಗೇ ಹಾಕ್ತೀನಿ. ಆದ್ರೆ ದೇವ್ರ ಹತ್ರ ಮಾತಾಡೋರ ಮಧ್ಯ ಬಾಯಿ ಹಾಕೋದ್ ಹ್ಯಾಗೆ? ಕೆಮ್ಮಿದೆ. ಆ ಅಮ್ಮ ನನ್ನ ಕೆಮ್ಮಿಗೂ ಪ್ರಾರ್ಥನೆ ಮಾಡ್ಬಿಟ್ರು. ಆಮೇಲೆ ಕೆಮ್ಮಕ್ಕೂ ಧೈರ್ಯ ಬರ್ಲಿಲ್ಲ.’

ಕಣ್ಣು ಮುಚ್ಚಿದ್ದವರೆಲ್ಲ ಒಟ್ಟಿಗೆ ಕಣ್ಣು ಬಿಟ್ಟರು. ದೇವರು ಬೆಳಗ್ಗೆಯೇ ಕೊಟ್ಟದ್ದನ್ನು ನಾವು ಮಧ್ಯಾಹ್ನದವರೆಗೆ ಬೇಡುತ್ತಲೇ ಇದ್ದೆವು. ಟೈಲರು ಮಾಲೀಕರ ಎರಡೂ ಕೈ ಹಿಡಿದುಕೊಂಡರು. ನನಗೂ ಕಣ್ಣು ತುಂಬಿತು. ‘ದೇವ್ರು ಪ್ರಾರ್ಥನೆ ಕೇಳಿದ್ರು, ಉಪವಾಸ ಬಿಡೋಣ’ ಎಂದೆ. ಎಲ್ಲರ ಕೈ ಉಪ್ಪಿಟ್ಟಿನತ್ತ ಹೋಯಿತು.

‘ತಡೀರಿ’ ಎಂದು ಮೂಲೆಯಿಂದ ಒಂದು ದನಿ ಬಂತು. ಹಳೇಬೀಡಿನಿಂದ ಬಸ್ಸಿನಲ್ಲಿ ಬಂದಿದ್ದ ನಮ್ಮ ಸಭೆಯ ಅತಿ ಹಿರಿಯ ಅಜ್ಜಿ. ‘ನನ್ನ ಸರದಿ ಇನ್ನೂ ಬಂದಿಲ್ಲ. ನಸುಕಿನಿಂದ ಮಾತು ಜೋಡಿಸ್ಕಂಡು ಕೂತಿವ್ನಿ. ಕೂತ್ಕಳಿ ಎಲ್ಲಾ.’

‘ಅಜ್ಜೀ, ಮಾಲೀಕರು ಒಪ್ಪಿಯಾಯ್ತಲ್ಲ’ ಎಂದೆ.

‘ಅವ್ರು ಒಪ್ಪಿದ್ದು ನಿಮ್ಮ ಪ್ರಾರ್ಥನೇಗೆ. ನಂದು ಬೇರೆ ಐತೆ’ ಎಂದು ಅಜ್ಜಿ ಕಣ್ಣು ಮುಚ್ಚಿದರು. ಹಿರಿಯರ ಮಾತು, ಎಲ್ಲರೂ ಕೂತೆವು. ಮಾಲೀಕರೂ ಕೂತು ಕೈ ಮುಗಿದು ಕಣ್ಣು ಮುಚ್ಚಿಕೊಂಡರು.

ಅಜ್ಜಿ ಮೊದಲು ಮಾಲೀಕರಿಗೆ, ಅವರ ಹೆಂಡತಿಗೆ, ಅವರ ತೋಟಕ್ಕೆ ಆಶೀರ್ವಾದ ಬೇಡಿದರು. ಮಾಲೀಕರು ಭಕ್ತಿಯಿಂದ ತಲೆ ಆಡಿಸಿದರು. ‘ಕೊಟ್ಟ ಮನಸ್ಸು ಸಣ್ಣದಾಗ್ಬಾರ್ದು ಸ್ವಾಮೀ. ಸೆಕೆ ತಡಿಯಕ್ಕಾಗಲ್ಲ, ಒಂದು ಫ್ಯಾನ್ ಹಾಕ್ಸೋ ಮನಸ್ಸು ಕೊಡು’ ಎಂದರು. ಮಾಲೀಕರ ತಲೆ ಆಡುವುದು ನಿಂತಿತು. ‘ಕೈ ತೊಳ್ಯಕ್ಕೆ ಹಿತ್ಲಿಗೆ ಹೋಗ್ಬೇಕು, ಹೊರಗಡೆ ಒಂದು ನಲ್ಲಿ ಇಡ್ಸೋ ಮನಸ್ಸು ಕೊಡು. ಗೋಡೆಗೆ ಸುಣ್ಣ ಕಂಡು ಎಷ್ಟು ವರ್ಷ ಆಯ್ತೋ, ಅದಕ್ಕೂ ಒಂದು ಮನಸ್ಸು ಕೊಡು. ಹಂಗೇ ಸ್ವಾಮೀ, ನಾವು ಇವ್ರಿಗೆ ಕೊಡೋ ತಿಂಗ್ಳ ಬಾಡಿಗೇನೂ…’

‘ಆಮೆನ್’ ಎಂದರು ಮಾಲೀಕರು. ಬೇಲೂರಿನ ಸಭೆಯಲ್ಲಿ ಅಷ್ಟು ಗಟ್ಟಿಯಾದ ಆಮೆನ್ ನಾನು ಅದುವರೆಗೆ ಕೇಳಿರಲಿಲ್ಲ.