ಎರಡು ವೈರಸ್ಸುಗಳ ಲಗ್ನ

ಗೆಣಸಿನ ಎಲೆ ಮುರುಟಿಸುವ ವೈರಸ್ಸಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಉಳವಪ್ಪನಿಗೆ ಸರಿಯಾಗಿ ನಿದ್ದೆಯಾಗಿ ವಾರವಾಗಿತ್ತು. ಎರಡು ವೈರಸ್ಸುಗಳ ಡಿಎನ್‌ಎ ಬೆರೆತು ಹೊಸತೊಂದು ಹುಟ್ಟಿದೆಯೇ ಎಂದು ಹುಡುಕುವ ಸಾಫ್ಟ್‌ವೇರು ಅಂದು ಬೆಳಿಗ್ಗೆ ಕೆಂಪು ಗೆರೆ ತೋರಿಸಿತು. ಖಾನಾಪುರದ ಭೀಮಕ್ಕನ ಹೊಲದ ಎಲೆಯಲ್ಲಿ ಬೆರಕೆ ವೈರಸ್ಸು!

"ಖರೇ ಏನೋ?" ಎಂದರು ಗೈಡು ನಾಗಲಿಂಗ ಸರ್. "ಇನ್ನೊಮ್ಮೆ ನೋಡತೀನ್ರಿ" ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಸರ್ ಅದನ್ನು ರೈತರ ವಾಟ್ಸಾಪ್ ಗುಂಪಿನಲ್ಲಿ ಹಂಚಿಯೇಬಿಟ್ಟರು. ಬೆಳಗಾವಿಯ ಬಸ್ಸಿಗಿಂತ ಮೊದಲೇ ಸುದ್ದಿ ಖಾನಾಪುರ ಮುಟ್ಟಿತು.

ಭೀಮಕ್ಕನ ಫೋನು ಬಂತು. "ತಮ್ಮಾ, ಎರಡ ರೋಗ ನನ್ನ ಹೊಲದಾಗ ಲಗ್ನಾ ಮಾಡ್ಕೊಂಡಾವಂತ? ಬಾಜೂ ಹೊಲದ ಹಣಮಪ್ಪ ಮಂದೀನ ಕರ್ಕೊಂಡ ಬಂದಾನ. ಬಳ್ಳಿ ಎಲ್ಲಾ ಕಿತ್ತ ಸುಡಬೇಕಂತ!"

ಉಳವಪ್ಪ ಗಾಬರಿಯಿಂದ ಫೈಲು ತೆರೆದ. ಬೇರೆ ಊರಿನ ಎಲೆಯ ಡಿಎನ್‌ಎ ಅಕ್ಷರಗಳು ಭೀಮಕ್ಕನ ಎಲೆಯ ಸಾಲಿನೊಳಗೆ ಕೂತಿದ್ದವು. ನಿದ್ದೆಗಣ್ಣಲ್ಲಿ ಅಂಟಿಸಿದವನು ತಾನೇ. ಹೋಗಿ ಸರ್‌ಗೆ ಒಪ್ಪಿಕೊಂಡ.

"ನನ್ನ ಮಾನಾ ಕಳದಿ! ಹೋಗಿ ಆ ಮಂದಿಗಿ ಹೇಳಿ ಬಾ" ಎಂದರು ಸರ್.

ಖಾನಾಪುರದಲ್ಲಿ ಜನ ಕುಡುಗೋಲು ಹಿಡಿದು, ಬೀಗರ ದಾರಿ ಕಾಯುವವರಂತೆ ಬದುವಿನ ಮೇಲೆ ನಿಂತಿದ್ದರು. ಉಳವಪ್ಪ ಕನ್ನಡದಲ್ಲಿ ಕೈಮುಗಿದ, ಮರಾಠಿಯಲ್ಲೂ ಕೈಮುಗಿದ. "ಬೆರಕಿ ಆಗಿದ್ದು ನನ್ನ ಕಂಪ್ಯೂಟರ್‌ನಾಗ್ರೀ, ಹೊಲದಾಗಲ್ಲ. ಹೊಸಾ ರೋಗ ಏನೂ ಇಲ್ಲ."

"ಇಷ್ಟ ಓದಿ ಇದನ್ನ ಕಲತೇನಪಾ?" ಎಂದು ಹಣಮಪ್ಪ ಕುಡುಗೋಲು ಇಳಿಸಿದ. ಎಲ್ಲರೂ ನಕ್ಕರು. ಭೀಮಕ್ಕ ಕುದಿಸಿದ ಗೆಣಸು, ಚಹಾ ಕೊಟ್ಟಳು. ಬೈಗುಳ ತಿಂದರೂ ಬಳ್ಳಿ ಉಳಿಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಮರಳುವ ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟು, ತಿದ್ದಿದ ಸಾಲನ್ನು ಸಾಫ್ಟ್‌ವೇರಿಗೆ ಕೊಟ್ಟ. ಕೆಂಪು ಗೆರೆ! ಈ ಸಲ ಬೇರೆಯೇ ಜಾಗದಲ್ಲಿ. ಇನ್ನೊಂದು ಸಾಫ್ಟ್‌ವೇರಿಗೂ ಕೊಟ್ಟ. ಅದೂ ಅಲ್ಲಿಯೇ ಬೊಟ್ಟು ಮಾಡಿತು. ಈಗ ಯಾರೂ ಏನೂ ಅಂಟಿಸಿರಲಿಲ್ಲ. ವೈರಸ್ಸುಗಳು ನಿಜಕ್ಕೂ ಬೆರೆತಿದ್ದವು.

ಸರ್‌ಗೆ ಫೋನು ಮಾಡಿ ಹೇಳಿದ.

"ಉಳವಪ್ಪ, ಸುಳ್ಳಂತ ಈಗಷ್ಟ ಎಲ್ಲಾರಿಗೂ ಬರದ ಹಾಕೀನಿ. ಮನಿಗಿ ಹೋಗಿ ಮಲಕೋ" ಎಂದು ಫೋನು ಇಟ್ಟುಬಿಟ್ಟರು.

ಅಷ್ಟರಲ್ಲಿ ಭೀಮಕ್ಕನೇ ಫೋನು ಮಾಡಿದಳು. ದನಿಯಲ್ಲಿ ಹಿಗ್ಗು. "ನಿನ್ನ ಮಾತಿನ ಮ್ಯಾಲ ಮಂದಿಗಿ ಭರೋಸಾ ಬಂತ ನೋಡ ತಮ್ಮಾ. ಹಣಮಪ್ಪನೂ ಸೇರಿ ಎಲ್ಲಾರೂ ತಮ್ಮ ಹೊಲದಾಗ ಹಚ್ಚಾಕ ನನ್ನ ಬಳ್ಳೀನ ಕೊಯ್ಕೊಂಡ ಹೋದ್ರು!"

ಬೆಳಗಾವಿಯಲ್ಲಿ ಬಸ್ಸಿಳಿದ ಉಳವಪ್ಪ ಮನೆಯ ಕಡೆ ಹೋಗಲಿಲ್ಲ. ಆಕಳಿಸುತ್ತ ಖಾನಾಪುರದ ಬಸ್ಸಿನ ಪಾಳಿಯಲ್ಲಿ ಹೋಗಿ ನಿಂತ.