ಅಕ್ಕನ ಬೆರಳೂ ನನ್ನ ವಿಭೂತಿಯೂ

ಗಾಜಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಮೊನ್ನೆಯವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಮೂವತ್ತು ವರ್ಷ ಪೇಟೆಯಲ್ಲಿ ಗಾಜು, ಕನ್ನಡಿ, ಫೋಟೋ ಕಟ್ಟು ಹಾಕುವ ಅಂಗಡಿ ನಡೆಸಿದವನು ನಾನು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಮೂರು ಎಂಎಮ್ಮೋ ಐದು ಎಂಎಮ್ಮೋ ಹೇಳಿಬಿಡುತ್ತಿದ್ದೆ. ಸುತ್ತಮುತ್ತಲಿನ ಅರ್ಧ ಊರುಗಳ ದೇವರು ಇವತ್ತಿಗೂ ನಾನು ಕತ್ತರಿಸಿಕೊಟ್ಟ ಗಾಜಿನ ಹಿಂದೆಯೇ ಕೂತಿದ್ದಾರೆ.

ಹೀಗಿರುವಾಗ ಅಕ್ಕನ ಮಗಳು ಶಶಿ ಫೋನ್ ಮಾಡಿದಳು. ಅವಳು ಹಾಸನದಲ್ಲಿ ಡ್ರಾಯಿಂಗ್ ಮೇಡಮ್ಮು.

"ಮಾವ, ಇಲ್ಲಿ ಮ್ಯೂಸಿಯಮ್ಮಲ್ಲಿ ಈಗಿನ ಕಾಲದ ಗಾಜಿನ ಕಲೇದು ಎಕ್ಸಿಬಿಷನ್ ಮಾಡ್ತಾವ್ರೆ. ನಂದೂ ಒಂದಿಟ್ಟಿದ್ದೀನಿ. ಭಾನುವಾರ ನೀವೂ ಅತ್ತೇನೂ ಬರ್ಲೇಬೇಕು. ಅವ್ವನ್ನೂ ಕರ್ಕಂಬತ್ತೀನಿ. ಲೈಟಿನ ಸ್ವಿಚ್ಚು ಅವಳೇ ಒತ್ಬೇಕು."

ಅವ್ವ ಎಂದರೆ ನನ್ನ ಅಕ್ಕ ನೀಲಮ್ಮ. ದುದ್ದಕ್ಕೆ ಕೊಟ್ಟ ಹೆಣ್ಣುಮಗಳು. ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅವಳು ಹೊಸ್ತಿಲು ದಾಟಿರಲಿಲ್ಲ. ಕಂಡವರೆಲ್ಲ ಅಯ್ಯೋ ಅನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಲಾರೆ ಎಂದು ಹಟ. ಮಗಳಿಗೋಸ್ಕರ ಈಗ ಒಪ್ಪಿದ್ದಳು. ಆವತ್ತು ಅವಳ ಮನಸ್ಸಿಗೆ ಬೇಸರವಾಗುವಂಥದ್ದು ಏನೂ ನಡೆಯಬಾರದೆಂದು ನಾನು ದೇವರ ಮುಂದೆ ನಿಂತು ಸಂಕಲ್ಪ ಮಾಡಿದೆ. ಅಂಥದ್ದನ್ನು ನಡೆಸುವವನು ನೀನೇ ಎಂದು ದೇವರಾದರೂ ಒಂದು ಮಾತು ಹೇಳಬಹುದಿತ್ತು.

ಬಸ್ಸಿನಲ್ಲಿ ನನ್ನ ಹೆಂಡತಿ ಗೌರಿ ಹೇಳಿದಳು: "ಅಲ್ಲಿ ಏನನ್ನೂ ಮುಟ್ಬ್ಯಾಡಿ. ಬಾಯೂ ಮುಚ್ಕಂಡಿರಿ."

"ನಾನೇನು ಮಗುವೇನೇ?"

"ಮಗು ಆಗಿದ್ರೆ ಕೈ ಹಿಡ್ಕಂಡಿರ್ತಿದ್ದೆ."

ನಾವು ಒಂದು ಗಂಟೆ ಮುಂಚೆಯೇ ತಲುಪಿದೆವು. ಶಶಿ ಕಾರು ತೆಗೆದುಕೊಂಡು ಅಕ್ಕನನ್ನು ಕರೆತರಲು ದುದ್ದಕ್ಕೆ ಹೋಗಿದ್ದಳು. ಬಾಗಿಲಲ್ಲಿದ್ದ ಕಾವಲುಗಾರನಿಗೆ ನಾನು ಆರ್ಟಿಸ್ಟಿನ ಸೋದರಮಾವ ಎಂದು ಪರಿಚಯ ಹೇಳಿಕೊಂಡು ಒಳಗೆ ನಡೆದೆ.

ಒಳಗೆ ಹಳೆಯ ವೀರಗಲ್ಲುಗಳ ನಡುವೆ ಹೊಸ ಗಾಜುಗಳು. ಒಂದು ಕಡೆ ನೀಲಿ ಗಾಜಿನ ಅಲೆ. ಇನ್ನೊಂದು ಕಡೆ ಗಾಜಿನ ದಿಂಬು, ಯಾರೋ ತಲೆಯಿಟ್ಟು ಎದ್ದುಹೋದ ಹಾಗೆ ನಡುವೆ ತಗ್ಗು ಬೇರೆ. ದಿಂಬಿನ ದಪ್ಪ ಎಷ್ಟಿರಬಹುದೆಂದು ಗೆಣ್ಣಿನಿಂದ ಮೆಲ್ಲಗೆ ಪರೀಕ್ಷಿಸಿದೆ.

"ಸಾ, ಮುಟ್ಟಂಗಿಲ್ಲ," ಎಂದ ಕಾವಲುಗಾರ.

"ಮುಟ್ಲಿಲ್ಲಪ್ಪ. ತಟ್ದೆ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ತಟ್ಟಂಗೂ ಇಲ್ಲ ಸಾ," ಎಂದ.

ಮುಂದೆ ಒಂದು ದೊಡ್ಡ ಬೋಗುಣಿ. ಮೈತುಂಬ ಗಾಳಿಗುಳ್ಳೆ. ಪಕ್ಕದಲ್ಲಿ ಅದನ್ನು ಮಾಡಿದ ಹುಡುಗಿ ನಿಂತಿದ್ದಳು. ನೋಡಿ ನನ್ನ ವ್ಯಾಪಾರದ ಹೃದಯ ಕರಗಿತು.

"ಗುಳ್ಳೆ ಬಂದ್ಬುಟ್ಟೈತೆ ಕಣಮ್ಮ. ಫ್ಯಾಕ್ಟ್ರಿಯೋರಿಗೆ ಹೇಳು, ಬದ್ಲಿ ಮಾಲು ಕೊಡ್ತಾರೆ."

"ಆ ಗುಳ್ಳೆ ಬರಿಸೋದು ಕಲಿಯೋಕೇ ನಂಗೆ ಎರಡು ವರ್ಷ ಬೇಕಾಯ್ತು ಅಂಕಲ್."

"ಓಗ್ಲಿ ಬಿಡವ್ವ, ಬೇಜಾರು ಮಾಡ್ಕಬ್ಯಾಡ. ಮುಂದಿನ್ಸಲ ಸರಿಯಾಯ್ತದೆ."

ಇಷ್ಟೊತ್ತಿಗೆ ಗೌರಿ ನನ್ನ ಗುರುತೇ ಇಲ್ಲದವಳಂತೆ ಒಂದು ವೀರಗಲ್ಲಿನ ಮುಂದೆ ನಿಂತು ಅದನ್ನು ಭಕ್ತಿಯಿಂದ ನೋಡುತ್ತಿದ್ದಳು. ಆಮೇಲೆ ಕೈತೊಳೆದುಕೊಂಡು ಬರುತ್ತೇನೆಂದು ಹೊರಗೆ ಹೋದಳು. ಆರತಕ್ಷತೆಗೆ ಇಟ್ಟಂತೆ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದವರು ಕಾವಲುಗಾರನನ್ನೂ ಬೋಗುಣಿಯ ಹುಡುಗಿಯನ್ನೂ ಕರೆದರು. ನಾನು ಒಬ್ಬನೇ ಉಳಿದೆ. ಆಗ ಕಣ್ಣಿಗೆ ಬಿತ್ತು ನಮ್ಮ ಶಶಿಯ ಹೆಸರಿನ ಚೀಟಿ.

ಚೀಟಿಯ ಕೆಳಗೆ ಮರದ ಉದ್ದನೆಯ ಬೆಂಚು. ಬೆಂಚಿನ ಮೇಲೆ ಸಾಲಾಗಿ ಒಂಬತ್ತು ಲಾಟೀನಿನ ಬುರುಡೆಗಳು. ಲಾಟೀನಿನ ದೀಪದ ಸುತ್ತ ಇರುತ್ತದಲ್ಲ, ಆ ಹೊಟ್ಟೆಯುಬ್ಬಿದ ಗಾಜು. ಪ್ರತಿಯೊಂದರ ಕೆಳಗೂ ಸಣ್ಣದೊಂದು ಬಲ್ಬು, ಇನ್ನೂ ಹತ್ತಿಸಿರಲಿಲ್ಲ. ಆದರೆ ಬುರುಡೆಗಳ ಒಳಗೆಲ್ಲ ಮಸಿ. ಒಂಬತ್ತಕ್ಕೆ ಒಂಬತ್ತೂ ಕಪ್ಪೆಂದರೆ ಕಪ್ಪು.

ಕಂಡು ನನಗೇ ನಾಚಿಕೆಯಾಯಿತು. ಏಕೆಂದರೆ ನಾವು ಬೆಳೆದ ರೀತಿಯೇ ಬೇರೆ. ಸಂಬಂಧ ನೋಡಲು ಹೋದ ನಮ್ಮಜ್ಜಿ ಮೊದಲು ನೋಡುತ್ತಿದ್ದುದು ಆ ಮನೆಯ ಲಾಟೀನಿನ ಬುರುಡೆಯನ್ನು. ಮಸಿ ಕಂಡರೆ ಕಾಫಿಯನ್ನೂ ಮುಟ್ಟದೆ ಎದ್ದು ಬರುತ್ತಿದ್ದಳು. ಅಂಥ ಅಜ್ಜಿಯ ಮರಿಮಗಳು ಹತ್ತು ಜನ ಓಡಾಡುವ ಕಡೆ ಮಸಿ ಹಿಡಿದ ಬುರುಡೆ ಇಡುವುದೇ? ಏಳು ತಿಂಗಳ ಮೇಲೆ ಹೊರಗೆ ಬರುವ ಅಕ್ಕ ಮೊದಲು ನೋಡುವುದು ಇದನ್ನೇ? ಪಾಪ, ಹುಡುಗಿಗೆ ಒರೆಸಲು ಪುರಸೊತ್ತಾಗಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಬುರುಡೆಯ ಮಸಿ ಬರಿಯ ಬಟ್ಟೆಗೆ ಹೋಗುವುದಿಲ್ಲ, ಬೂದಿ ಬೇಕು. ಮ್ಯೂಸಿಯಮ್ಮಿನಲ್ಲಿ ಬೂದಿ ಎಲ್ಲಿಂದ ಬರಬೇಕು? ಆದರೆ ನಮ್ಮ ಜನ ಬೂದಿಯಿಲ್ಲದೆ ಮನೆ ಬಿಡುವವರಲ್ಲ. ಜುಬ್ಬದ ಜೇಬಿನಲ್ಲಿ ವಿಭೂತಿ ಗಟ್ಟಿ ಇತ್ತು. ತಪ್ಪಾಯ್ತಪ್ಪ ಶಿವನೇ ಎಂದುಕೊಂಡು ಚೂರು ಮುರಿದು ಪುಡಿ ಮಾಡಿದೆ. ಹೆಗಲ ಟವೆಲ್ಲಿಗೆ ಹಚ್ಚಿ, ಬೆರಳಿಗೆ ಸುತ್ತಿ, ಮೊದಲನೆಯ ಬುರುಡೆಯೊಳಗೆ ಒಂದು ಸುತ್ತು ತಿರುಗಿಸಿದೆ. ಏನು ಹೊಳಪು! ಎರಡನೆಯದು ಇನ್ನೂ ಚೆನ್ನಾಗಿ ಬಂತು. ಮೂರನೆಯದರ ಹೊಟ್ಟೆಯಲ್ಲಿ ಮಸಿ ದಪ್ಪವಾಗಿದ್ದುದರಿಂದ ಇಡೀ ಅಂಗೈಯನ್ನೇ ಒಳಗೆ ತೂರಿಸಿ, ಗಟ್ಟಿಯಾಗಿ ಉಜ್ಜಿ, ಸಂತೋಷದಿಂದ ಕೈ ಹೊರಗೆಳೆದೆ.

ಬರಲಿಲ್ಲ.

ಮತ್ತೆ ಎಳೆದೆ. ಬುರುಡೆಯೂ ಜೊತೆಯಲ್ಲೇ ಬಂತು. ಮನೆಯ ಲಾಟೀನಿಗೆ ಈ ಕೆಲಸ ಮಾಡುತ್ತಿದ್ದಾಗ ನನಗೆ ಏಳು ವರ್ಷ, ಈಗ ಅರವತ್ತೆಂಟು ಎಂಬ ಲೆಕ್ಕ ಆಗ ಹೊಳೆಯಿತು. ಕಾವಲುಗಾರ ವಾಪಸು ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ಸಾ, ಇದೂ ತಟ್ಟಿದ್ದಾ?"

ಅವನ ಹಿಂದೆಯೇ ಜನ ಬರತೊಡಗಿದರು. ಕೈಗೆ ಲಾಟೀನಿನ ಬುರುಡೆ ತೊಟ್ಟು, ಮುಖಕ್ಕೆ ಅರ್ಧ ಮಸಿ ಅರ್ಧ ವಿಭೂತಿ ಬಳಿದುಕೊಂಡು, ನಾನು ಮಿಸುಕಾಡದೆ ನಿಂತೆ. ಒಬ್ಬ ಯಜಮಾನರು ಎದುರಿಗೆ ಬಂದು, ತಲೆ ವಾರೆ ಮಾಡಿ ನೋಡಿ, ಪಕ್ಕದವರನ್ನು ಕೇಳಿದರು: "ಇದು ಯಾರ ವರ್ಕು?"

ನನ್ನ ವರ್ಕು ಎಂದು ಗೌರಿಗೆ ದೂರದಿಂದಲೇ ತಿಳಿಯಿತು. ಓಡಿಬಂದಳು. ಬೈಯಲಿಲ್ಲ, ಬೈಯುವ ಹಂತ ದಾಟಿತ್ತು. ನಲ್ಲಿಯ ಹತ್ತಿರದಿಂದ ಸೋಪು ತಂದು ನನ್ನ ಮಣಿಕಟ್ಟಿಗೆ ಹಚ್ಚಿದಳು.

"ಕೈ ಸಡ್ಲ ಬಿಡಿ. ಎಬ್ಬೆಟ್ಟು ಒಳೀಕ್ಕೆ ಮಡುಸ್ಕಳಿ. ಬಳೆ ಬಿಚ್ಚಿಸ್ಕಳೋವಾಗ ಯಾರಾದ್ರೂ ಹಿಂಗೆ ಬಿಗಿ ಹಿಡೀತಾರಾ? ಈಬೂತಿಲಿ ಲಾಟೀನು ಉಜ್ಜಿದ್ದಕ್ಕೆ ಸರಿಯಾಗಿ ಮಾಡವ್ನೆ ಶಿವ."

ಆ ಹೊತ್ತಿಗೇ ಶಶಿ ಗಾಲಿ ಕುರ್ಚಿ ತಳ್ಳಿಕೊಂಡು ಒಳಗೆ ಬಂದಳು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಲಕ್ಷಣವಾಗಿ ಕೂತಿದ್ದಳು. ನನ್ನನ್ನು ನೋಡಿ ಒಂದು ಪಕ್ಕದ ತುಟಿಯಲ್ಲಿ ನಕ್ಕಳು.

"ಏನ್ಲಾ ಬಸ್ವ, ಈ ವಯ್ಸಲ್ಲಿ ಬಳೆ ಇಡುಸ್ಕತಾ ಇದ್ದೀಯಾ?"

ಪುಳಕ್ಕೆಂದು ಕೈ ಈಚೆ ಬಂತು. ಎಲ್ಲರೂ ನಕ್ಕರು. ಶಶಿ ಮಾತ್ರ ನಗಲಿಲ್ಲ. ಅವಳು ಬುರುಡೆಗಳನ್ನು ನೋಡುತ್ತಿದ್ದಳು. ಮೊದಲನೆಯದು, ಎರಡನೆಯದು, ಗೌರಿಯ ಕೈಯಲ್ಲಿದ್ದ ಮೂರನೆಯದು. ಅವಳ ಮುಖದ ಬಣ್ಣ ಇಳಿಯಿತು. ಕೊನೆಗೆ ಕೇಳಿದ್ದು ಇಷ್ಟೇ: "ಕೈ ಕುಯ್ಕಳ್ಲಿಲ್ಲ ತಾನೇ, ಮಾವ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂರನೆಯ ಬುರುಡೆಯನ್ನು ಅವಳೇ ಒರೆಸಿ ಅದರ ಜಾಗದಲ್ಲಿಟ್ಟಳು. ಅಕ್ಕ ಎಡಗೈಯಿಂದ ಸ್ವಿಚ್ಚು ಒತ್ತಿದಳು.

ಆರು ಬುರುಡೆಗಳಲ್ಲಿ, ನಾನು ಬರೀ ಕಪ್ಪು ಎಂದುಕೊಂಡಿದ್ದ ಮಸಿಯ ನಡುವಿನಿಂದ, ಸಣ್ಣ ಸಣ್ಣ ಬೆಳಕಿನ ಗೆರೆಗಳು ಎದ್ದವು. ಒಂದರಲ್ಲಿ ರಾಗಿಕಲ್ಲು. ಒಂದರಲ್ಲಿ ಎಮ್ಮೆ, ಅದರ ಬಾಲ ಬುರುಡೆಯನ್ನೆಲ್ಲ ಸುತ್ತಿ ಮತ್ತೆ ಎಮ್ಮೆಯ ಮೂತಿಗೇ ಬಂದಿತ್ತು. ಒಂದರಲ್ಲಿ ಬಾವಿಯ ಹತ್ತಿರ ನಿಂತ ಹೆಂಗಸರು. ಅಕ್ಕನಿಗೆ ಲಕ್ವ ಹೊಡೆಯುವ ಮೊದಲು ಶಶಿ ದಿನಾ ಸಂಜೆ ಬುರುಡೆಗೆ ಮಸಿ ಹಿಡಿಸಿ ಕೊಡುತ್ತಿದ್ದಳಂತೆ, ಅಕ್ಕ ಕಿರುಬೆರಳನ್ನು ಒಳಗೆ ಹಾಕಿ ಗೀಚುತ್ತಿದ್ದಳಂತೆ. ಹೆಸರು ಬರೆಯಲೂ ಬಾರದ ನನ್ನ ಅಕ್ಕ ಬರೆದದ್ದು ಜನ್ಮದಲ್ಲಿ ಇದೊಂದೇ. ಆ ಬೆರಳು ಈಗ ಸೆರಗಿನ ಮೇಲೆ ಸುಮ್ಮನೆ ಬಿದ್ದಿತ್ತು.

ನಾನು ಒರೆಸಿದ ಮೂರು ಮಾತ್ರ ಎಲ್ಲಕ್ಕಿಂತ ಜೋರಾಗಿ, ಕಣ್ಣಿಗೆ ಹೊಡೆಯುವ ಹಾಗೆ ಉರಿಯುತ್ತಿದ್ದವು. ಈ ಕಾಲದ ಕಲೆಯಲ್ಲವೇ, ಯಾರಾದರೂ ತಿಳಿದವರು ಇದಕ್ಕೂ ಒಂದು ದೊಡ್ಡ ಅರ್ಥ ಹೇಳಿ ನನ್ನನ್ನು ಕಾಪಾಡಿಯಾರು ಎಂದು ಸುತ್ತ ನೋಡಿದೆ. ಆ ಯಜಮಾನರು, "ಈ ಮೂರು ಯಾಕಮ್ಮ ಖಾಲಿ?" ಎಂದು ಕೇಳಿ ಮುಂದೆ ಹೋದರು.

"ಮೊದ್ಲಿಂದ್ರಲ್ಲಿ ಅವ್ವ ಇದ್ಲು ಕಣ," ಎಂದಳು ಅಕ್ಕ, ನನ್ನ ಕಡೆ ತಿರುಗದೆ. "ಮುದ್ದೆ ತಿರುವ್ತಾ ಕುಂತಿದ್ಲು. ಎರಡ್ನೇದ್ರಲ್ಲಿ ಅಪ್ಪಯ್ಯ."

ಊರಿನವರ ಅವ್ವ ಅಪ್ಪಂದಿರಿಗೆಲ್ಲ ಕಟ್ಟು ಹಾಕಿಕೊಟ್ಟ ನನ್ನ ಮನೆಯ ಗೋಡೆಯಲ್ಲಿ ನಮ್ಮ ಅವ್ವ ಅಪ್ಪಯ್ಯ ಇಲ್ಲ. ಇಬ್ಬರೂ ಒಂದು ದಿನವೂ ಕ್ಯಾಮೆರಾದ ಮುಂದೆ ಕೂತವರಲ್ಲ. ಅವರಿದ್ದ ಗಾಜು ಇಡೀ ಪ್ರಪಂಚದಲ್ಲಿ ಎರಡೇ ಎರಡು.

"ಮೂರ್ನೇದು?" ಎಂದೆ. ಕೇಳಬಾರದಿತ್ತು.

"ನೀನೇ ಕಣ್ಲಾ. ನನ್ ಸೊಂಟದ್ ಮ್ಯಾಲೆ ಕುಂತಿದ್ದೆ. ಸಿಂಬ್ಳ ಸುರುಸ್ಕಂಡು."

ಆವತ್ತಿನಿಂದ ನಾನು ವಾರಕ್ಕೊಮ್ಮೆ ದುದ್ದಕ್ಕೆ ಹೋಗಿ ಬರುತ್ತೇನೆ. ಅಕ್ಕ ಆ ಮಾತು ಎತ್ತುವುದಿಲ್ಲ. ಅವಳು ಎತ್ತಲಿಲ್ಲವೆಂದು ನಾನೇ ಎತ್ತುತ್ತೇನೆ. ಹೋದ ವಾರ ಶಶಿಯನ್ನು ಬೇಡಿಕೊಂಡು ಒಂದು ಬುರುಡೆಗೆ ಮಸಿ ಹಿಡಿಸಿಕೊಂಡೆ. ಅಕ್ಕ ಹೇಳಿದ ಹಾಗೆ ಅವ್ವನನ್ನು ನಾನೇ ಬರೆಯುತ್ತೇನೆ ಎಂದೆ. ಅಕ್ಕ ಮಂಚದ ಮೇಲಿಂದ ಒಂದೊಂದೇ ಹೇಳಿದಳು: "ತಲೆ ಬಗ್ಸವ್ಳೆ... ಮೊಣಕೈ ಇಷ್ಟು ಎತ್ತವ್ಳೆ... ಸೆರಗು ಸೊಂಟಕ್ಕೆ ಸಿಗ್ಸವ್ಳೆ..." ನಾನು ನಾಲಗೆ ಕಚ್ಚಿಕೊಂಡು ಕಿರುಬೆರಳಿನಿಂದ ಗೀಚಿದೆ. ಅರ್ಧ ಗಂಟೆ ಹಿಡಿಯಿತು. ಒಳಗೆ ದೀಪ ಇಟ್ಟು ಅವಳ ಮುಂದೆ ಹಿಡಿದೆ.

ಅಕ್ಕ ಬಹಳ ಹೊತ್ತು ನೋಡಿದಳು.

"ಇದು ಕುಂಬ್ಳಕಾಯಾ?"

"ಅವ್ವ ಕಣಕ್ಕ."

ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. "ಒರಸಾಕ್ಲಾ ಬಸ್ವ. ಅದೊಂದು ನಿಂಗೆ ಚೆಂದಾಗಿ ಬತ್ತದೆ."

ಒರೆಸಿದೆ. ಚೆಂದಾಗಿಯೇ ಬಂತು.